ಅಗೋಚರ ಅಲೆಗಳ ಕಾವಲು



ನೌಕಾಪಡೆಯ ಗಸ್ತು ವಿಮಾನವನ್ನು ನಡೆಸುವವರು ಪೈಲಟ್‌ಗಳು. ಅದು ಹೊರಟ ಉದ್ದೇಶವನ್ನು ಈಡೇರಿಸುವವರು ಒಳಗೆ ಉಪಕರಣಗಳ ಮುಂದೆ ಕುಳಿತಿರುವ ಅಬ್ಸರ್ವರ್ ಅಧಿಕಾರಿಗಳು. ಕೊಚ್ಚಿಯ ಐ.ಎನ್.ಎಸ್. ಗರುಡ ನೆಲೆಯಲ್ಲಿ ಇವರಿಗೆ ತರಬೇತಿ ನೀಡಲಾಗುತ್ತದೆ. 2009ರಲ್ಲಿ ಮಹಿಳೆಯರೂ ಈ ಸೇವೆಯನ್ನು ಪ್ರವೇಶಿಸಿದರು.

ಎಲೆಕ್ಟ್ರಾನಿಕ್ ಸಮರದ ಮೊದಲ ಪಾಠ ಮೌನವಾಗಿ ಆಲಿಸುವುದು. ಹಡಗಿನ ರೇಡಾರ್ ಅಲೆಯು ವಿಮಾನಕ್ಕೆ ತಗುಲಿ ಹಡಗಿಗೆ ಮರಳಬೇಕು. ಆಲಿಸುವ ವಿಮಾನಕ್ಕಾದರೋ ಅದರ ಒಮ್ಮುಖ ಪಯಣವೇ ಸಾಕು. ಆದ್ದರಿಂದ ತಾನು ಗೋಚರಿಸುವ ಮುನ್ನವೇ ವಿಮಾನವು ಹಡಗಿನ ಇರವನ್ನು ಅರಿಯಬಲ್ಲದು. ಅಲೆಯ ಆವೃತ್ತಿ, ಸ್ಪಂದಗಳ ನಡುವಣ ಅಂತರ ಮೊದಲಾದವುಗಳಿಂದ ಅದು ಯಾವ ಬಗೆಯ ರೇಡಾರ್ ಎಂಬುದನ್ನು ಅಧಿಕಾರಿಯು ನಿರ್ಣಯಿಸಬೇಕು. ವಾಣಿಜ್ಯ ನೌಕೆಯನ್ನು ಯುದ್ಧನೌಕೆಯೆಂದು ಬಗೆದರೆ ನಿರಪರಾಧಿಗಳ ಪ್ರಾಣಕ್ಕೆ ಅಪಾಯ. ಯುದ್ಧನೌಕೆಯನ್ನು ವಾಣಿಜ್ಯ ನೌಕೆಯೆಂದು ಬಗೆದರೆ ನಮ್ಮ ನಾವಿಕರಿಗೇ ಅಪಾಯ.

1988ರಲ್ಲಿ ಸೇರ್ಪಡೆಯಾದ ಸೋವಿಯತ್ ನಿರ್ಮಿತ ಟಿ.ಯು.-142 ವಿಮಾನಗಳು 2017ರಲ್ಲಿ ನಿವೃತ್ತವಾದವು. 2013ರಲ್ಲಿ ಅರಕ್ಕೋಣಂನ ಐ.ಎನ್.ಎಸ್. ರಾಜಾಲಿ ನೆಲೆಗೆ ಬಂದ ಪಿ-8ಐ ವಿಮಾನಗಳು ಇಂದು ದೂರಸಾಗರದ ಗಸ್ತಿನ ಹೊಣೆ ಹೊತ್ತಿವೆ. ಉಪಕರಣಗಳು ಬದಲಾದವು, ಆದರೆ ಸಂದೇಹವಿರುವಾಗ ಆತುರಪಡದ ವಿವೇಕಕ್ಕೆ ಬದಲಿಯಿಲ್ಲ. ವರ್ಷಗಳ ಸೇವೆಯಿಂದ ಅಧಿಕಾರಿಯು ಗಳಿಸುವ ನಿಜವಾದ ಅರ್ಹತೆ ಅದೇ.