ಅಪ್ಪನಿಗೊಂದು ದಿನ

ಮಕ್ಕಳು ದೊಡ್ಡವರಾಗಿ, ಪಟ್ಟಣ ಸೇರಿ, ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಹೆತ್ತವರಿಗೆ ಏನನ್ನಾದರೂ ಕೊಡಬೇಕೆಂಬ ಆಸೆ ಹುಟ್ಟುವುದು ಸಹಜ. ತಾಯಿಗೆ ಕೊಡುವುದು ಅಷ್ಟು ಕಷ್ಟವಲ್ಲ. ಒಂದು ಇಳಕಲ್ಲು ಸೀರೆ ತಂದರೆ ಅದನ್ನು ಆಕೆ ನಾಲ್ಕು ಮನೆಯವರಿಗೆ ತೋರಿಸಿ ಸಂತೋಷಪಡುತ್ತಾಳೆ. ತಂದೆಯ ವಿಷಯ ಹಾಗಲ್ಲ. "ನನಗ್ಯಾಕಪಾ ಅದೆಲ್ಲ?" ಎಂಬ ಒಂದೇ ಮಾತಿನಿಂದ ಆತ ನಮ್ಮ ಉತ್ಸಾಹವನ್ನೆಲ್ಲ ಗೂಟಕ್ಕೆ ತೂಗುಹಾಕಿಬಿಡುತ್ತಾನೆ.

ಸಿರುಗುಪ್ಪದ ಬಳಿಯ ದೇಶನೂರಿನಲ್ಲಿರುವ ನಮ್ಮ ಮನೆಯ ಒಳಕೋಣೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ನಾನು ಬೆಂಗಳೂರಿನ ನೌಕರಿಗೆ ಸೇರಿದಂದಿನಿಂದ ಅಪ್ಪನಿಗೆ ಕೊಟ್ಟ ಉಡುಗೊರೆಗಳೆಲ್ಲ ಅದರಲ್ಲಿ ಸುಖವಾಗಿ ನಿದ್ರಿಸುತ್ತಿವೆ. ಕೈಗಡಿಯಾರ ಇದೆ; ಹೊತ್ತು ನೋಡಲು ಆತನಿಗೆ ನೆರಳೇ ಸಾಕು. ಉಣ್ಣೆಯ ಸ್ವೆಟರ್ ಇದೆ. ಬಳ್ಳಾರಿ ಸೀಮೆಯ ಬಿಸಿಲನ್ನು ಬಲ್ಲವರಿಗೆ ಅದರ ಕಥೆ ಹೇಳಬೇಕಾಗಿಲ್ಲ. ಒಂದು ಶಾಲು ಇದೆ. ಅದನ್ನು ಮದುವೆಗೆಂದು ತೆಗೆದಿರಿಸಿದ್ದಾನೆ, ಯಾರ ಮದುವೆಗೆಂದು ಕೇಳಿದರೆ ಉತ್ತರವಿಲ್ಲ. ಅವುಗಳ ಕೆಳಗೆ ಒಂದು ಜೊತೆ ಷರಾಯಿಯೂ ಇದೆ. ಅದರ ಸಂಗತಿಯನ್ನು ಆಮೇಲೆ ಹೇಳುತ್ತೇನೆ.

ಈಚಿನ ವರ್ಷಗಳಲ್ಲಿ ಜೂನ್ ತಿಂಗಳ ಮೂರನೆಯ ಭಾನುವಾರವನ್ನು ಅಪ್ಪಂದಿರ ದಿನವೆಂದು ಆಚರಿಸುವ ರೂಢಿ ನಮ್ಮ ನಗರಗಳಿಗೂ ಬಂದಿದೆ. 1910ರಲ್ಲಿ ಅಮೆರಿಕದ ಸ್ಪೋಕೇನ್ ಎಂಬ ಊರಿನಲ್ಲಿ, ತಾಯಿಯಿಲ್ಲದ ಮಕ್ಕಳನ್ನು ಸಾಕಿ ಸಲಹಿದ ತನ್ನ ತಂದೆಯ ನೆನಪಿಗಾಗಿ ಮಗಳೊಬ್ಬಳು ಆರಂಭಿಸಿದ್ದು ಇದು. 1972ರಲ್ಲಿ ಅಲ್ಲಿಯ ಸರಕಾರ ಅದಕ್ಕೆ ಶಾಶ್ವತ ಮನ್ನಣೆ ಕೊಟ್ಟಿತು. ಪರದೇಶದ ಹಬ್ಬವೆಂದು ಮೂಗು ಮುರಿಯುವವರು ನಮ್ಮಲ್ಲಿ ಇದ್ದಾರೆ. ನನಗಾದರೋ ಅದರಲ್ಲಿ ತಪ್ಪೇನೂ ಕಾಣದು. ನಾವು ತಂದೆಗೆ ಪ್ರಿಯವಾದ ಅಡಿಗೆಯನ್ನು ನೆನೆನೆನೆದು ಮಾಡಿ ಎಡೆಯಿಡುವುದು ಮಹಾಲಯ ಅಮಾವಾಸ್ಯೆಯಂದು, ಆತ ಉಣ್ಣಲಾರದ ಸ್ಥಿತಿಗೆ ಹೋದ ಮೇಲೆ. ಅದಕ್ಕಿಂತ ಮುಂಚಿತವಾಗಿ ಒಂದು ದಿನ ನೆನೆದರೆ ನಷ್ಟವೇನು?

ಆ ದಿನ ಹತ್ತಿರವಾದಂತೆ ಬೆಂಗಳೂರಿನಲ್ಲಿ ಒಂದು ಹೊಸ ಮಾತು ಕೇಳಿಬರುತ್ತದೆ: "ವಸ್ತುವನ್ನು ಕೊಡಬೇಡಿ, ಅನುಭವವನ್ನು ಕೊಡಿ." ದೊಡ್ಡ ಹೋಟೆಲಿನ ಊಟ, ಊರಾಚೆಯ ರೆಸಾರ್ಟಿನಲ್ಲಿ ಒಂದು ಹಗಲು, ಎಣ್ಣೆ ತಿಕ್ಕುವ ಉಪಚಾರ, ಇವೆಲ್ಲ ಅಂದವಾದ ಲಕೋಟೆಗಳಲ್ಲಿ ಮಾರಾಟಕ್ಕಿರುತ್ತವೆ. ಟ್ರಂಕು ತುಂಬಿದ್ದ ನನಗೆ ಈ ಮಾತು ಬಹಳ ಹಿಡಿಸಿತು. ಅನುಭವವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಲಾಗದಷ್ಟೆ!

ಹೀಗೆಂದುಕೊಂಡು ಕೆಲವು ವರ್ಷಗಳ ಹಿಂದೆ, ಊರಿನಿಂದ ಬಂದಿದ್ದ ಅಪ್ಪನನ್ನು ಒಂದು ದೊಡ್ಡ ಹೋಟೆಲಿನ ರಾತ್ರಿಯೂಟಕ್ಕೆ ಕರೆದೊಯ್ಯಲು ನಿಶ್ಚಯಿಸಿದೆ. ಹೊರಡುವ ಮುನ್ನ ಒಂದು ಷರಾಯಿ ತಂದು ಅವನ ಮುಂದಿಟ್ಟೆ. "ಅಲ್ಲಿಗೆ ಬರುವವರೆಲ್ಲ ಪ್ಯಾಂಟು ಹಾಕಿರುತ್ತಾರೆ ಅಪ್ಪಾ" ಎಂದೆ. ಅಪ್ಪ ನನ್ನ ಮುಖವನ್ನೊಮ್ಮೆ ನೋಡಿದ. ಮಾತಾಡಲಿಲ್ಲ. ಪಂಚೆಯನ್ನು ಮಡಿಸಿಟ್ಟು ಷರಾಯಿ ಹಾಕಿಕೊಂಡ. ರುಮಾಲನ್ನು ತಾನೇ ಬಿಚ್ಚಿಟ್ಟ. ಆ ರಾತ್ರಿ ಬೆಳ್ಳಿಯಂತೆ ಹೊಳೆಯುವ ಚಮಚಗಳ ಮುಂದೆ ಆತ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಕುಳಿತ ಹುಡುಗನಂತೆ ಕುಳಿತಿದ್ದ. ಉಂಡದ್ದು ಸ್ವಲ್ಪ. ಮರುದಿನವೇ ರೈಲು ಹತ್ತಿದ. ಆಮೇಲೆ ಎಷ್ಟು ಕರೆದರೂ "ಹೊಲ ಬಿಟ್ಟು ಬರಾಕ ಆಗಂಗಿಲ್ಲ" ಎಂಬ ಒಂದೇ ಉತ್ತರ. ನಾನೂ ಅದನ್ನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

2024ರ ಜುಲೈ ತಿಂಗಳ ಒಂದು ಸುದ್ದಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಅವರ ಮಗ ಸಿನಿಮಾ ತೋರಿಸಲೆಂದು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಕರೆದೊಯ್ದಿದ್ದ. ತಂದೆ ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಬಾಗಿಲಲ್ಲಿ ಅವರನ್ನು ತಡೆದರು. ನಾಡಿನಲ್ಲೆಲ್ಲ ಸಿಟ್ಟು ಎದ್ದಿತು, ವಿಧಾನಮಂಡಲದಲ್ಲಿ ಪ್ರಸ್ತಾಪವಾಯಿತು, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರಕಾರ ಹೇಳಿತು. ಮಾಲಿನವರೂ ಆ ಹಿರಿಯರ ಕ್ಷಮೆ ಕೇಳಿ ಸನ್ಮಾನಿಸಿದರು. ಕಚೇರಿಯಲ್ಲಿ ನಾನೂ ಎಲ್ಲರಂತೆ ಆ ಕಾವಲುಗಾರನನ್ನು ಬಾಯಿತುಂಬ ಬೈದೆ. ಬೈಯುತ್ತಿರುವಾಗಲೇ ಷರಾಯಿಯ ನೆನಪು ಬಂತು. ಆ ಮಗ ತನ್ನ ತಂದೆಯನ್ನು ಪಂಚೆಯಲ್ಲಿಯೇ ಬಾಗಿಲ ತನಕ ಕರೆದೊಯ್ದಿದ್ದ, ತಡೆದವರು ಬೇರೆಯವರು. ನಮ್ಮ ಮನೆಯಲ್ಲಿ ಕಾವಲುಗಾರನ ಕೆಲಸವನ್ನು ನಾನೇ ಮಾಡಿ ಮುಗಿಸಿದ್ದೆ.

ಅಂದು ರಾತ್ರಿ ಊರಿಗೆ ಫೋನು ಮಾಡಿದೆ. ಕ್ಷಮೆ ಕೇಳುವ ಅಭ್ಯಾಸ ನಮ್ಮ ಕಡೆಯ ತಂದೆಮಕ್ಕಳಲ್ಲಿ ಇಲ್ಲ. ಅದರ ಬದಲು, "ಅಪ್ಪಾ, ಬೆಂಗಳೂರಿನಲ್ಲಿ ನಿನಗೆ ನೋಡಬೇಕೆನಿಸುವುದು ಏನಿದೆ?" ಎಂದು ಕೇಳಿದೆ. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಮ್ಮ ಅಕ್ಕಿ ಎಲ್ಲಿಗೆ ಹೋಗಿ ಇಳೀತೈತಿ, ಅದನ್ನ ನೋಡಬೇಕಪಾ. ಐವತ್ತು ವರ್ಷ ಲಾರಿಗೆ ಹೇರೀನಿ. ಇಳಿಯಾದು ಕಂಡಿಲ್ಲ."

ಸುಗ್ಗಿ ಮುಗಿಸಿ ಬರುವುದೆಂದು ಗೊತ್ತಾಯಿತು. ಆದರೆ ಆ ವರ್ಷದ ಸುಗ್ಗಿಯೇ ಕೈತಪ್ಪುವಂತೆ ಕಂಡಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್‌ಗೇಟಿನ ಸರಪಳಿ ಕಡಿದು, ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹಗಲಿರುಳು ಹರಿದುಹೋಗುತ್ತಿದ್ದರೆ, ಸಿರುಗುಪ್ಪ ಸೀಮೆಯ ಗದ್ದೆಗಳಲ್ಲಿ ಎಳೆಯ ಪೈರು ಕಾಲುವೆಯನ್ನೇ ನಂಬಿ ನಿಂತಿತ್ತು. ಅಪ್ಪನಿಗೆ ಆ ಅಣೆಕಟ್ಟು ಬರಿಯ ಕಲ್ಲಿನ ಗೋಡೆಯಲ್ಲ. 1953ರಲ್ಲಿ ಅದರ ನೀರು ಬಿಟ್ಟಾಗ ಆತ ಆರು ವರ್ಷದ ಹುಡುಗ. ಅದೇ ವರ್ಷದ ಅಕ್ಟೋಬರ್ 1ರಂದು ನಮ್ಮ ಸೀಮೆ ಮದರಾಸಿನ ಆಡಳಿತವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನೀರೂ ನಾಡೂ ಒಟ್ಟಿಗೆ ಬಂದುವೆಂದು ಆತ ಹೇಳುವುದುಂಟು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲಿಯೇ ತಡೆಗೇಟನ್ನು ಇಳಿಸಿ ನಮ್ಮ ತಂತ್ರಜ್ಞರು ನೀರನ್ನು ನಿಲ್ಲಿಸಿದರು. ಆಮೇಲೆ ಮಳೆ ಬಂತು. ಜಲಾಶಯ ಮತ್ತೆ ತುಂಬಿತು. ನೆಲ್ಲು ಕೈಗೆ ಹತ್ತಿತು.

2025ರ ಸಂಕ್ರಾಂತಿ ಕಳೆದ ವಾರ, ಹಂಪಿ ಎಕ್ಸ್‌ಪ್ರೆಸ್ಸಿನಿಂದ ಅಪ್ಪ ಇಳಿದ. ಮೈಮೇಲೆ ಇಸ್ತ್ರಿ ಮಾಡಿದ ಷರಾಯಿ! ನಾನು ಮನೆಗೆ ಬಂದೊಡನೆ ಅವನ ಚೀಲದಿಂದ ಪಂಚೆಯನ್ನು ತೆಗೆದು ಕೈಗೆ ಕೊಟ್ಟೆ. ಆಗಲೂ ಆತ ನನ್ನ ಮುಖ ನೋಡಿದ, ಆಗಲೂ ಮಾತಾಡಲಿಲ್ಲ. ಆದರೆ ರುಮಾಲನ್ನು ಕನ್ನಡಿಯ ಮುಂದೆ ನಿಂತು ಎರಡು ಸಲ ಸುತ್ತಿಕೊಂಡ.

ಮರುದಿನ ಬೆಳಗ್ಗೆ ಯಶವಂತಪುರದ ಕೃಷಿ ಮಾರುಕಟ್ಟೆಯ ಪ್ರಾಂಗಣಕ್ಕೆ ಹೋದೆವು. ಲಾರಿಗಳ ಸಾಲು, ಬೆನ್ನ ಮೇಲೆ ಮೂಟೆ ಹೊತ್ತು ಓಡುವ ಹಮಾಲರು, ಗೋಣಿಯ ವಾಸನೆ, ಗಾಳಿಯಲ್ಲೆಲ್ಲ ತೌಡಿನ ಧೂಳು. ನನಗೆ ಸೀನು ಬರುತ್ತಿತ್ತು; ಅಪ್ಪ ಮಾತ್ರ ದೇವಸ್ಥಾನಕ್ಕೆ ಬಂದವನಂತೆ ಚಪ್ಪಲಿಯ ಸದ್ದಾಗದಂತೆ ನಡೆಯುತ್ತಿದ್ದ. ಒಂದು ಅಂಗಡಿಯ ಮುಂದೆ ಬಾಯಿ ತೆರೆದ ಚೀಲ ಕಂಡು ನಿಂತ. ಒಂದು ಹಿಡಿ ಅಕ್ಕಿ ತೆಗೆದು, ಅಂಗೈಯಲ್ಲಿ ಹರಡಿ, ಬೆಳಕಿಗೆ ಹಿಡಿದು, ನಾಲ್ಕು ಕಾಳನ್ನು ಹಲ್ಲಿನಿಂದ ಕಡಿದ. ಅಂಗಡಿಯವರು ಒಳಗಿನಿಂದ ನೋಡುತ್ತಿದ್ದರು.

"ಯಾವೂರು ಯಜಮಾನ್ರೇ?"

"ಸಿರುಗುಪ್ಪದ ಕಡೀಗ್ರಿ. ದೇಶನೂರು."

"ಹಾಗಾದ್ರೆ ಇದು ನಿಮ್ಮ ಕಡೆಯ ಅಕ್ಕೀನೇ. ಹೇಗಿದೆ ಹೇಳಿ ನೋಡೋಣ."

"ಈ ಸಾರಿದ್ದು. ಕಾಳು ಚಲೋ ಐತಿ. ಇನ್ನೊಂದು ಆರು ತಿಂಗಳ ಇಡ್ರಿ. ಈಗ ಉಣ್ಣಾಕ ಕೊಟ್ರ ಅನ್ನ ಮುದ್ದಿ ಆಗಿ, ನಮ್ಮ ಊರಿಗೆ ಕೆಟ್ಟ ಹೆಸರು ಬರತೈತಿ."

ಅಂಗಡಿಯವರು ನಕ್ಕು, ಕುರ್ಚಿ ಹಾಕಿಸಿ, ಚಹಾ ತರಿಸಿದರು. ಮತ್ತೆರಡು ಚೀಲಗಳ ಮಾದರಿಯನ್ನು ತಟ್ಟೆಯಲ್ಲಿ ತಂದು ಅವನ ಮುಂದಿಟ್ಟರು. ಗೇಟು ಹೋದ ವಾರದ ಆತಂಕ, ಗೊಬ್ಬರದ ದರ, ಗಿರಣಿಯವರ ತೂಕ, ಒಂದು ಗಂಟೆಯ ಕಾಲ ಇಬ್ಬರೂ ಮಾತಾಡಿದರು. ನಾನು ಮೂಟೆಯೊಂದಕ್ಕೆ ಒರಗಿ ಕೇಳುತ್ತ ನಿಂತಿದ್ದೆ. ಈ ಮನುಷ್ಯನಿಗೆ ಇಷ್ಟೊಂದು ಮಾತು ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಚಮಚಗಳ ಮುಂದೆ ಕೈಕಟ್ಟಿ ಕುಳಿತವನು ಇವನೇ ಏನು? ಅಂದು ನಾನು ಕೊಟ್ಟ ಅನುಭವ ನನ್ನ ಅಂತಸ್ತಿನ ಪ್ರದರ್ಶನವಾಗಿತ್ತು. ಅಪ್ಪ ಅದಕ್ಕೆ ಪ್ರೇಕ್ಷಕ. ಇಲ್ಲಿ ಆತ ಬಲ್ಲವನಾಗಿ ಕುಳಿತಿದ್ದ, ನಾನು ವಿದ್ಯಾರ್ಥಿಯಾಗಿ ನಿಂತಿದ್ದೆ.

ಅಲ್ಲಿಂದ ಮೆಟ್ರೋ ರೈಲಿನಲ್ಲಿ ಲಾಲ್‌ಬಾಗಿಗೆ ಹೊರಟೆವು. ರಾಜಾಜಿನಗರದ ನಿಲ್ದಾಣ ಬಂದಾಗ ನನ್ನ ಮನಸ್ಸು ಅಳುಕಿತು. 2024ರ ಫೆಬ್ರವರಿಯಲ್ಲಿ, ಬಟ್ಟೆ ಕೊಳೆಯಾಗಿದೆಯೆಂದು ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ತಡೆದು ನಿಲ್ಲಿಸಿದ್ದು ಅಲ್ಲಿಯೇ. ಸಹಪ್ರಯಾಣಿಕರು ಜಗಳವಾಡಿ ಅವರನ್ನು ಒಳಗೆ ಕರೆದೊಯ್ದರು. ತಡೆದ ಮೇಲ್ವಿಚಾರಕನನ್ನು ಮೆಟ್ರೋ ನಿಗಮ ಕೆಲಸದಿಂದ ತೆಗೆಯಿತು. ಅಪ್ಪನಿಗೆ ಇದಾವುದೂ ತಿಳಿಯದು. ರೈಲು ನೆಲದೊಳಕ್ಕೆ ಇಳಿದಾಗ ಕಂಬಿಯನ್ನು ಬಿಗಿಯಾಗಿ ಹಿಡಿದವನು, ಮತ್ತೆ ಬಿಸಿಲಿಗೆ ಬಂದಾಗ, "ಹೆಗ್ಗಣದಂಗ ಒಳಗ ಹೋಗಿ ಹಕ್ಕಿಯಂಗ ಮ್ಯಾಲ ಬಂತು ನೋಡು" ಎಂದ.

ಲಾಲ್‌ಬಾಗಿನಲ್ಲಿ 1889ರ ಗಾಜಿನ ಮನೆಯ ಬಳಿ ಜನವೋ ಜನ. ಅಪ್ಪನಿಗೆ ಅದಕ್ಕಿಂತ ಅಲ್ಲಿಯ ಬಂಡೆ ಹೆಚ್ಚು ಹಿಡಿಸಿತು. ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ನಾನು ಹೇಳಿದೆ. ಆತ ಅದನ್ನು ಅಂಗೈಯಿಂದ ತಟ್ಟಿ, "ನಮ್ಮ ಬಳ್ಳಾರಿ ಗುಡ್ಡದ ಬೀಗ ಇರಬೇಕು" ಎಂದು ಸಂಬಂಧ ಕಟ್ಟಿದ. ಸಂಜೆ ಗಾಂಧಿಬಜಾರಿನಲ್ಲಿ, 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದಲ್ಲಿ ದೋಸೆ. ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಬರುತ್ತಿದ್ದವರನ್ನು ಅಪ್ಪ ಕಣ್ಣರಳಿಸಿ ನೋಡಿದ. ಅವರು ಪಂಚೆ ಉಟ್ಟಿದ್ದರು. ಆತ ಎರಡು ದೋಸೆ ತಿಂದ.

ಕೇಳುಗರಲ್ಲಿ ನನ್ನಂಥ ಮಕ್ಕಳು ಇದ್ದರೆ, ಅನುಭವದಿಂದ ಕಲಿತ ನಾಲ್ಕು ಮಾತು ಹೇಳುತ್ತೇನೆ. ಮೊದಲು ಅವರನ್ನೇ ಕೇಳಬೇಕು; "ಏನೂ ಬೇಡ" ಎಂದರೆ ಅದನ್ನು ಮೊದಲ ಉತ್ತರವೆಂದು ತಿಳಿದು ಮತ್ತೊಮ್ಮೆ ಕೇಳಬೇಕು. ಅವರ ಬದುಕು ಯಾವುದರಲ್ಲಿ ಸವೆದಿದೆಯೋ ಅದರ ಮತ್ತೊಂದು ತುದಿ ನಗರದಲ್ಲಿ ಎಲ್ಲಿಯೋ ಇರುತ್ತದೆ. ಯಂತ್ರ ದುಡಿಸಿದವರಿಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವಿದೆ, ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯವಿದೆ. ಬಯಲಾಟದಲ್ಲಿ ಬಣ್ಣ ಹಚ್ಚಿದವರಿಗೆ, ಬಳ್ಳಾರಿ ರಾಘವರ ಹೆಸರು ಕೇಳಿ ಬೆಳೆದವರಿಗೆ ರವೀಂದ್ರ ಕಲಾಕ್ಷೇತ್ರದ ಒಂದು ನಾಟಕವಿದೆ. ಮಾಳಿಗೆಯ ಮೇಲೆ ಮಲಗಿ ಚುಕ್ಕಿ ತೋರಿಸಿದ ತಂದೆಗೆ ನೆಹರೂ ತಾರಾಲಯವಿದೆ. ರೈತರಿಗೆ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳವಿದೆ. ಒಂದು ದಿನಕ್ಕೆ ಎರಡು ಮೂರು ಸ್ಥಳ ಸಾಕು. ಮೆಟ್ಟಿಲು ಎಷ್ಟು, ಕುಳಿತುಕೊಳ್ಳಲು ನೆರಳೆಲ್ಲಿ, ಶೌಚಾಲಯವೆಲ್ಲಿ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿರಬೇಕು; ಇವನ್ನು ಕೇಳಲು ಅವರಿಗೆ ಸಂಕೋಚ. ಎಲ್ಲಕ್ಕಿಂತ ಮುಖ್ಯವಾಗಿ, ಟಿಕೆಟು ತೆಗೆಸಿಕೊಟ್ಟು ಡ್ರೈವರನ ಜೊತೆ ಕಳುಹಿಸಬಾರದು. ನಾವು ಹೋಗಬೇಕು, ಫೋನನ್ನು ಜೇಬಿನಲ್ಲಿಟ್ಟುಕೊಂಡು.

ಊರಿಗೆ ಮರಳಿದ ಮೇಲೆ ಅಪ್ಪ ಕಟ್ಟೆಯ ಮೇಲೆ ಕುಳಿತು ಹೇಳಿದ್ದು ಮೆಟ್ರೋ ವಿಷಯವನ್ನಲ್ಲವಂತೆ. "ನಮ್ಮ ಅಕ್ಕಿ ಇಳಿಯಾದು ಕಂಡೆ" ಎಂಬುದನ್ನೇ ವಾರಗಟ್ಟಲೆ ಹೇಳಿದನೆಂದು ಅವ್ವ ತಿಳಿಸಿದಳು. ಷರಾಯಿ ಮತ್ತೆ ಟ್ರಂಕು ಸೇರಿದೆ.

2025ರ ಜೂನ್ ತಿಂಗಳಿನಿಂದ ವಿಧಾನಸೌಧದ ಒಳಗನ್ನು ಸಾರ್ವಜನಿಕರಿಗೆ ತೋರಿಸುವ ಏರ್ಪಾಡಾಗಿದೆಯೆಂದು ಓದಿ, ಕಾರಹುಣ್ಣಿಮೆಯ ಸಮಯದಲ್ಲಿ ಅಪ್ಪನಿಗೆ ಫೋನಿನಲ್ಲಿ ತಿಳಿಸಿದೆ. ಆತನಿಗೆ ಬಹಳ ಸಂತೋಷವಾಯಿತು. ಮುಂದಿನ ಸುಗ್ಗಿಯ ಬಳಿಕ ಬರುವೆನೆಂದ. ಫೋನು ಇಡುವ ಮುನ್ನ ತಡೆದು, ದನಿ ತಗ್ಗಿಸಿ ಕೇಳಿದ:

"ತಮ್ಮಾ, ಪಂಚಿ ಉಟ್ಟು ಬಂದ್ರ ಒಳಗ ಬಿಡತಾರೇನು?"

ಅಲ್ಲಿ ಪಂಚೆ ಉಟ್ಟು ಮುಖ್ಯಮಂತ್ರಿಗಳಾಗಿ ಕುಳಿತವರಿದ್ದಾರೆ ಎಂದು ಹೇಳಿದೆ. ಆತ ನಕ್ಕ. ಆದರೆ ಎಪ್ಪತ್ತೆಂಟರ ಆ ಮನುಷ್ಯನಿಗೆ, ತನ್ನದೇ ನಾಡಿನ ವಿಧಾನಸೌಧದ ಬಗ್ಗೆ ಆ ಪ್ರಶ್ನೆಯನ್ನು ಕೇಳಬೇಕೆಂದು ಕಲಿಸಿದವನು ನಾನು. ನನಗೆ ನಗು ಬರಲಿಲ್ಲ.