ಪತ್ರಿಕೋದ್ಯಮದ ಕಾಲೇಜನ್ನು ಆರಿಸುವಾಗ

(ನಮ್ಮ ಕಾಸರಗೋಡು ಸೀಮೆಯ ವಿದ್ಯಾರ್ಥಿಗಳ ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಪ್ಲಸ್ ಟು ಮುಗಿಸುವ ಮಕ್ಕಳಲ್ಲಿ ಕೆಲವರು ಪತ್ರಿಕೋದ್ಯಮವನ್ನು ಓದಬೇಕೆಂದು ಮನೆಯಲ್ಲಿ ಹೇಳತೊಡಗಿದ್ದಾರೆ. ಯಾವ ಕಾಲೇಜಿಗೆ ಸೇರಿಸುವುದೆಂದು ಹೆತ್ತವರು ಕೇಳುತ್ತಾರೆ. ನಮಗೆ ತಿಳಿದಷ್ಟನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ವಕೀಲರಾಗಲು, ವೈದ್ಯರಾಗಲು ಪದವಿಯಿಲ್ಲದೆ ಸಾಧ್ಯವಿಲ್ಲ. ಪತ್ರಕರ್ತರಿಗೆ ಆ ಕಟ್ಟುಪಾಡಿಲ್ಲ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ನನ್ನು ದಾಟದೆಯೇ ಪತ್ರಿಕೆಗಳನ್ನು ನಡೆಸಿದರು. ಮೊಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದುದು 1843ರಲ್ಲಿ; ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಈ ವಿಷಯದ ಬೋಧನೆ ತೊಡಗಿದುದು 1951ರಲ್ಲಿ. ನಡುವಣ ನೂರೆಂಟು ವರ್ಷ ಕನ್ನಡ ಪತ್ರಿಕೆಗಳೇನೂ ನಿಂತಿರಲಿಲ್ಲ! ಕಾಲೇಜಿನಿಂದ ದೊರೆಯಬೇಕಾದುದು ಅಪ್ಪಣೆಚೀಟಿಯಲ್ಲ, ಅಭ್ಯಾಸ.

ಆದುದರಿಂದ ಶುಲ್ಕ ಕಟ್ಟುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ನೋಡಬೇಕು. ವಿದ್ಯಾರ್ಥಿಗಳು ಹೊರಡಿಸುವ ಪ್ರಾಯೋಗಿಕ ಪತ್ರಿಕೆಯನ್ನು ಕೇಳಿ ಪಡೆಯಿರಿ; ಕಳೆದ ವರ್ಷ ಎಷ್ಟು ಸಂಚಿಕೆಗಳು ಬಂದುವೆಂದು ಎಣಿಸಿರಿ. ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಬದಿಗೆ ಕರೆದು, ಕಳೆದ ವಾರ ಏನು ಬರೆದೆ, ಯಾರು ತಿದ್ದಿದರು ಎಂದು ವಿಚಾರಿಸಿರಿ. ತಿದ್ದಿದ ಹಾಳೆಯನ್ನು ಅವನು ತೋರಿಸಬಲ್ಲನಾದರೆ ಅದು ಒಳ್ಳೆಯ ಲಕ್ಷಣ. ಗಾಜಿನ ಕೋಣೆಯ ಸ್ಟುಡಿಯೋವನ್ನು ಮಾತ್ರ ತೋರಿಸಿ ಕಳುಹಿಸುವ ಕಡೆ, ಅದರ ಬೀಗದ ಕೈ ವಿದ್ಯಾರ್ಥಿಗಳಿಗೆ ಎಂದು ಸಿಗುತ್ತದೆಂದು ಕೇಳಲು ಸಂಕೋಚಪಡಬೇಡಿರಿ. ಈ ವೃತ್ತಿಯಲ್ಲಿ ಆರಂಭದ ಸಂಬಳ ಸಾಮಾನ್ಯವಾಗಿ ಅಲ್ಪ; ಸಾಲ ಮಾಡಿ ದೊಡ್ಡ ಶುಲ್ಕ ತೆರುವುದು ನಮಗೆ ಸರಿಕಾಣುವುದಿಲ್ಲ.

ಬಿ.ಎ.ಯಲ್ಲಿ ಪತ್ರಿಕೋದ್ಯಮದ ಜೊತೆಗೆ ಅರ್ಥಶಾಸ್ತ್ರವನ್ನೋ ರಾಜ್ಯಶಾಸ್ತ್ರವನ್ನೋ ಓದುವುದು ಮೇಲು. ಪಂಚಾಯತಿನ ಆಯವ್ಯಯವನ್ನು ಓದಲರಿಯದವನು ಪಂಚಾಯತಿನ ಸುದ್ದಿಯನ್ನು ಹೇಗೆ ಬರೆದಾನು? ಮುಂದಿನ ಓದಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ವಿಭಾಗವಿದೆ. ಕೊಚ್ಚಿಯ ಕಾಕ್ಕನಾಡಿನಲ್ಲಿ 1979ರಲ್ಲಿ ಪ್ರೆಸ್ ಅಕಾಡೆಮಿಯಾಗಿ ಹುಟ್ಟಿದ ಕೇರಳ ಮೀಡಿಯಾ ಅಕಾಡೆಮಿಯಿದೆ. ದೆಹಲಿಯಲ್ಲಿ 1965ರಲ್ಲಿ ಸ್ಥಾಪಿತವಾದ ಭಾರತೀಯ ಜನಸಂವಹನ ಸಂಸ್ಥೆಯಿದೆ. ಎಲ್ಲಿಯೇ ಆಗಲಿ, ಪರೀಕ್ಷೆಯನ್ನೂ ಅಭ್ಯಾಸದ ಬರಹವನ್ನೂ ಯಾವ ಭಾಷೆಯಲ್ಲಿ ಬರೆಯಬೇಕೆಂದು ಮೊದಲೇ ತಿಳಿಯಿರಿ. ಗಡಿ ದಾಟಿ ಸೇರುವವರು ಅರ್ಹತಾ ಪತ್ರದ ವಿಚಾರವನ್ನೂ ಕೇಳಿಕೊಳ್ಳಬೇಕು.

ಇಷ್ಟು ಹೇಳುವುದಕ್ಕೆ ಕಾರಣವುಂಟು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸುತ್ತಿದ್ದರು. ಅದರ ಕೇಡನ್ನು ಬಹು ಮೊದಲೇ ಕಂಡು ಬರೆದವರಲ್ಲಿ ಎಣ್ಮಕಜೆಯ ಕಡೆಯ ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು ಒಬ್ಬರು. ಆ ವಿಷವನ್ನು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆದುದು 2011ರಲ್ಲಿ. ದೂರದ ಪೇಟೆಯ ವರದಿಗಾರ ಬಂದು ನೋಡುವ ತನಕ ಕಾದಿದ್ದರೆ ಏನಾಗುತ್ತಿತ್ತು? ಇಲ್ಲಿ ಕಛೇರಿಯ ಕಾಗದ ಮಲಯಾಳದಲ್ಲಿ, ಅಂಗಳದ ಮಾತು ಕನ್ನಡದಲ್ಲಿ, ತುಳುವಿನಲ್ಲಿ. ಇವೆಲ್ಲವನ್ನೂ ಬಲ್ಲ ನಮ್ಮ ಮಕ್ಕಳ ಬಳಿ ಯಾವ ಕಾಲೇಜೂ ಕೊಡಲಾಗದ ಬಂಡವಾಳವಿದೆ. ಇಂಗ್ಲಿಷಿನ ಆಸೆಗೆ ಕನ್ನಡದ ಬರವಣಿಗೆಯನ್ನು ಬಿಡಿಸುವ ಕಾಲೇಜು ಅದನ್ನು ಕಳೆಯಿಸುತ್ತದೆ.

ಅರ್ಜಿ ತುಂಬುವ ಮುನ್ನ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಗ್ರಾಮಸಭೆಯಲ್ಲಿ ಕೊನೆಯ ತನಕ ಕುಳಿತು, ಅಲ್ಲಿ ನಡೆದುದನ್ನು ಇನ್ನೂರು ಮಾತುಗಳಲ್ಲಿ ಬರೆದು ತನ್ನಿರಿ. ನಾವು ಓದಿ, ತಿದ್ದಿಕೊಡುತ್ತೇವೆ.