ಕುದುರೆಗೆ ಕೊಡುವ ಬಿಡುವು



ರೇಸಿನ ಕುದುರೆಯಾಗಲಿ, ತಡೆ ಹಾರುವ ಕುದುರೆಯಾಗಲಿ, ಅದಕ್ಕೆ ಆಗುವ ದೊಡ್ಡ ಪೆಟ್ಟುಗಳಲ್ಲಿ ಒಂದು ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಹರಿಯುವುದು. ಮೊಣಕಾಲಿನಿಂದ ಕೆಳಗೆ ಕುದುರೆಯ ಕಾಲಿನಲ್ಲಿ ಮಾಂಸಖಂಡವೆಂಬುದು ಇಲ್ಲವೇ ಇಲ್ಲ ಎನ್ನಬಹುದು. ಮೂಳೆ, ರಜ್ಜು, ಮೇಲೊಂದು ಚರ್ಮ, ಅಷ್ಟೆ. ರಜ್ಜಿಗೆ ರಕ್ತ ಹರಿಯುವುದೂ ಕಡಿಮೆ. ಹಾಗಾಗಿ ಅಲ್ಲಿ ಗಾಯ ಮಾಯಲು ತುಂಬಾ ಕಾಲ ಬೇಕು. ಪಶುವೈದ್ಯರು ಅಲ್ಟ್ರಾಸೌಂಡ್ ಮಾಡಿ ನೋಡಿ ಬರೆದುಕೊಡುವ ಚೀಟಿಯಲ್ಲಿ ಔಷಧಿಗಿಂತ ದಿನಚರಿಯೇ ಉದ್ದವಾಗಿರುತ್ತದೆ. ಮೊದಲು ಲಾಯದಲ್ಲೇ ವಿಶ್ರಾಂತಿ. ಆಮೇಲೆ ದಿನಕ್ಕೆ ಐದೋ ಹತ್ತೋ ನಿಮಿಷ, ಬೆನ್ನ ಮೇಲೆ ಯಾರೂ ಇಲ್ಲದೆ, ಕೈಯಲ್ಲಿ ಹಗ್ಗ ಹಿಡಿದು ನಡೆಸುವುದು. ಅದೂ ಗಟ್ಟಿಯಾದ ಸಮನೆಲದ ಮೇಲೆ, ನೇರವಾಗಿ. ಸಣ್ಣ ಸುತ್ತು ಹಾಕಿಸುವಂತಿಲ್ಲ. ವಾರ ಕಳೆದಂತೆ ಒಂದಿಷ್ಟು ನಿಮಿಷ ಏರಿಸುತ್ತಾ ಹೋದರೆ ಮೂರು ತಿಂಗಳ ಸುಮಾರಿಗೆ ಟ್ರಾಟ್ ಎಂಬ ನಿಧಾನದ ಓಟ, ಅದಾಗಿ ಎಷ್ಟೋ ವಾರಗಳಿಗೆ ಕ್ಯಾಂಟರ್ ಎಂಬ ಇನ್ನಷ್ಟು ಜೋರಿನ ಓಟ. ಪೂರ್ತಿ ಕೆಲಸಕ್ಕೆ ಮರಳಲು ಒಂಬತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷವೇ ಹಿಡಿಯುತ್ತದೆ.

ಆ ಅಷ್ಟೂ ದಿನ ಲಾಯದಲ್ಲಿ ನಡೆಯುವ ಒಂದು ಕೆಲಸ ನೋಡುವಂಥದ್ದು. ಬೆಳಗಿನ ಹುರುಳಿ ಹಾಕುವ ಮೊದಲು ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಅದರ ಪಕ್ಕಕ್ಕೆ ಬಂದು, ಅದರ ಭುಜ ಸವರಿ, ಬಗ್ಗಿ, ಅಂಗೈಯನ್ನು ಮೊಣಕಾಲಿನ ಹಿಂದಿನಿಂದ ಗೊರಸಿನ ತನಕ ನಿಧಾನವಾಗಿ ಇಳಿಸುತ್ತಾನೆ. ಆಮೇಲೆ ಇನ್ನೊಂದು ಕಾಲಿಗೂ ಹಾಗೆಯೇ ಮಾಡುತ್ತಾನೆ. ಪೆಟ್ಟಾದ ಕಾಲು ಒಂದಿಷ್ಟು ಬಿಸಿಯಾಗಿದೆಯೇ, ಬೆರಳಿಗೆ ಊತ ಸಿಗುತ್ತಿದೆಯೇ? ಅನುಮಾನ ಬಂದರೆ ಆ ದಿನ ನಡಿಗೆ ಏರಿಸುವ ಮಾತೇ ಇಲ್ಲ. ಮಾಲೀಕ ಎಷ್ಟೇ ಅವಸರಪಟ್ಟರೂ ಅವನು ಒಪ್ಪುವುದಿಲ್ಲ.

ಈ ತಾಳ್ಮೆಯನ್ನು ಕುದುರೆಗೆ ತೋರಿಸುವ ಜನ ತಮ್ಮ ಮೈಗೆ ತೋರಿಸುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. "ಕುದುರೆ ಕಂಡರೆ ಕಾಲು ನೋವು" ಎಂದು ನಮ್ಮಲ್ಲಿ ಗಾದೆ ಉಂಟು. ಹವ್ಯಾಸಿ ಸವಾರರ ವಿಷಯದಲ್ಲಿ ಅದು ತಿರುಗುಮುರುಗು. ಕುದುರೆ ಕಂಡರೆ ಇವರಿಗೆ ಇದ್ದ ಕಾಲುನೋವೂ ಮರೆತುಹೋಗುತ್ತದೆ.

ಯಾರು ಈ ಹವ್ಯಾಸಿಗಳು? ಬೆಂಗಳೂರಿನ ಸುತ್ತಮುತ್ತ ಈಗ ಸವಾರಿ ಶಾಲೆಗಳಿವೆ. ಶನಿವಾರ, ಭಾನುವಾರ ಬೆಳಿಗ್ಗೆ ಅಲ್ಲಿ ಜೀನಿನ ಮೇಲೆ ಕಾಣುವವರು ಶಾಲೆಯ ಮಕ್ಕಳು ಮಾತ್ರವಲ್ಲ. ಸಾಫ್ಟ್‌ವೇರ್ ಕಂಪನಿಯವರು, ಬ್ಯಾಂಕಿನವರು, ಮೇಷ್ಟ್ರುಗಳು, ಮೂವತ್ತು ನಲವತ್ತು ದಾಟಿದ ಮೇಲೆ ಮೊದಲ ಸಲ ರಿಕಾಪಿಗೆ ಕಾಲಿಟ್ಟವರು ಅಲ್ಲಿರುತ್ತಾರೆ. ಮೈಸೂರಿನ ಅಶ್ವಾರೋಹಿ ದಳದ ಪೊಲೀಸರಿಗೆ ಸವಾರಿಯೇ ನೌಕರಿ. ದಸರಾ ಮೆರವಣಿಗೆಗೆ ಬೇಕಾದ ಮೈಕಟ್ಟು ಅವರಿಗೆ ದಿನದ ಕೆಲಸದಲ್ಲೇ ದಕ್ಕುತ್ತದೆ. ವಾರವಿಡೀ ಕುರ್ಚಿಯಲ್ಲಿ ಕೂತವರಿಗೆ ಹಾಗಲ್ಲ. ಅವರು ನೌಕರಿ, ಮೈ, ಕುದುರೆ ಮೂರನ್ನೂ ಒಟ್ಟಿಗೆ ನಿಭಾಯಿಸಬೇಕು. ಬಿದ್ದು ಮೂಳೆ ಮುರಿದಾಗಲೇ ಈ ಲೆಕ್ಕ ತಪ್ಪುವುದು.

ಕುದುರೆಯಿಂದ ಬಿದ್ದವರಲ್ಲಿ ಸಾಮಾನ್ಯವಾಗಿ ಮುರಿಯುವುದು ಕಾಲರ್ ಬೋನ್ ಮತ್ತು ಮಣಿಕಟ್ಟು. ಬೀಳುವಾಗ ಕೈ ಊರಿಬಿಡುತ್ತೇವೆ. ಮಣಿಕಟ್ಟಿನ ಪ್ಲಾಸ್ಟರ್ ಸುಮಾರು ಆರು ವಾರ ಇರುತ್ತದೆ. ದೊಡ್ಡವರ ಕಾಲರ್ ಬೋನ್ ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಎಕ್ಸ್-ರೇ ನೋಡಿ ಡಾಕ್ಟರು "ಮೂಳೆ ಕೂಡಿದೆ" ಎಂದರೆ ಸಾಕು, ಸವಾರನ ಕಿವಿಗೆ ಅದು "ಇನ್ನು ಕುದುರೆ ಹತ್ತಬಹುದು" ಎಂದೇ ಕೇಳಿಸುತ್ತದೆ. ಆದರೆ ಮೂಳೆ ಕೂಡಿದ್ದು ಅರ್ಧ ಕೆಲಸ. ಮುರಿದದ್ದು ಕಾಲಾದರೆ, ಆರು ವಾರ ಕಟ್ಟಿಟ್ಟ ಆ ಕಾಲಿನ ತೊಡೆ ಇನ್ನೊಂದು ತೊಡೆಗಿಂತ ಸಣ್ಣಗಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಕೀಲು ಬಿಗಿದುಕೊಂಡಿರುತ್ತದೆ. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಪಾದ ಎಲ್ಲಿದೆ ಎಂಬ ಅರಿವನ್ನು ಕೀಲುಗಳೇ ನಮಗೆ ಕೊಡುತ್ತವಲ್ಲ, ಆ ಅರಿವೂ ಮಂಕಾಗಿರುತ್ತದೆ. ಇದಕ್ಕೆಲ್ಲ ಫಿಸಿಯೋಥೆರಪಿ ಬೇಕು, ತಿಂಗಳುಗಳು ಬೇಕು. ಪೆಟ್ಟಾದ ಕಾಲೊಂದರ ಮೇಲೆ ಅಲುಗಾಡದೆ ನಿಲ್ಲಲು, ಮೆಟ್ಟಿಲಿಂದ ನಿಧಾನವಾಗಿ ಇಳಿಯಲು ಬಾರದವರು ಕುದುರೆಯ ಮೇಲೆ ಕೂರುವುದು ಇನ್ನೂ ದೂರದ ಮಾತು.

ಅವಸರದಿಂದ ಕುದುರೆಗೂ ಹಾನಿ ಉಂಟು. ಎಡಗಾಲು ಸೋತವರು ತಮಗೆ ಗೊತ್ತಿಲ್ಲದಂತೆಯೇ ಬಲಕ್ಕೆ ವಾಲಿ ಕೂರುತ್ತಾರೆ. ಜೀನು ಒಂದು ಬದಿಗೆ ಜರುಗುತ್ತದೆ. ಆ ಓರೆ ಭಾರವನ್ನು ಸರಿದೂಗಿಸಲು ಕುದುರೆ ತನ್ನ ಬೆನ್ನನ್ನೇ ಡೊಂಕು ಮಾಡಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಅದರ ಬೆನ್ನು ನೋಯತೊಡಗುತ್ತದೆ. ಒಂದು ಕಡೆಗೆ ತಿರುಗುತ್ತದೆ, ಇನ್ನೊಂದು ಕಡೆಗೆ ತಿರುಗಲು ಹಟ ಮಾಡುತ್ತದೆ. ಜನ ಅದನ್ನು ಮೊಂಡು ಕುದುರೆ ಎನ್ನುತ್ತಾರೆ. ಅದು ಹೇಳುತ್ತಿರುವುದು ಸವಾರನ ಕಾಲಿನ ಸುದ್ದಿ. ಕುದುರೆಯನ್ನು ನಿಜವಾಗಿ ಪ್ರೀತಿಸುವವರಿಗೆ ಕಾಯಲು ಇದೊಂದೇ ಕಾರಣ ಸಾಕಾಗಬೇಕು.

ತಲೆಯ ಪೆಟ್ಟಿನ ಬಗ್ಗೆ ಬಿಗಿಯಾಗಿಯೇ ಹೇಳಬೇಕು. ಐದೂಕಾಲು ಅಡಿ ಎತ್ತರದ ಕುದುರೆಯ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಎಂಟು ಅಡಿ ಮೇಲಿರುತ್ತದೆ. ಅಮೆರಿಕದ ಕೋರ್ಟ್ನಿ ಕಿಂಗ್-ಡೈ 2008ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಸವಾರರು. 2010ರ ಮಾರ್ಚಿನಲ್ಲಿ ಅಭ್ಯಾಸದ ವೇಳೆ ಅವರ ಕುದುರೆ ಎಡವಿ ಬಿತ್ತು. ತಲೆಗೆ ಹೆಲ್ಮೆಟ್ ಇರಲಿಲ್ಲ. ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ ಅವರು ನಡೆಯುವುದನ್ನೂ ಮಾತಾಡುವುದನ್ನೂ ಮತ್ತೆ ಕಲಿಯಬೇಕಾಯಿತು. ಅಷ್ಟು ನುರಿತವರಿಗೇ ಹೀಗಾದದ್ದು ಸವಾರಿ ಲೋಕದ ಕಣ್ಣು ತೆರೆಸಿತು. ಮೆದುಳಿಗೆ ಪೆಟ್ಟಾದರೆ ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಕಟ್ಟು ಇರುವುದಿಲ್ಲ, ಆಫೀಸಿನವರಿಗೂ ಗೊತ್ತಾಗುವುದಿಲ್ಲ. ತಲೆ ಸುತ್ತು, ಬೆಳಕು ನೋಡಿದರೆ ತಲೆನೋವು, ಓದಿದ್ದು ತಲೆಗೆ ಹತ್ತದಿರುವುದು, ಇವು ಇದ್ದರೆ ಡಾಕ್ಟರಲ್ಲಿಗೆ ಹೋಗಲೇಬೇಕು. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಚಟುವಟಿಕೆ ಏರಿಸುವುದು. ಒಂದೊಂದು ಹಂತಕ್ಕೂ ಕನಿಷ್ಠ 24 ಗಂಟೆ ಕೊಡಬೇಕು. ಲಕ್ಷಣ ಮರುಕಳಿಸಿದರೆ ಒಂದು ಹಂತ ಹಿಂದಕ್ಕೆ. ಕುದುರೆ ಹತ್ತುವುದು ಈ ಏಣಿಯ ಕೊನೆಯ ಮೆಟ್ಟಿಲು, ಅದೂ ಡಾಕ್ಟರು ಒಪ್ಪಿದ ಮೇಲೆ. ಬಿದ್ದಾಗ ತಲೆಗಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಳ್ಳಬೇಡಿ. ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಪದರ ಒಂದು ಸಲ ಅದುಮಿಹೋದರೆ ಮುಗಿಯಿತು, ಎರಡನೇ ಪೆಟ್ಟನ್ನು ಅದು ತಡೆಯುವುದಿಲ್ಲ.

ನಿಧಾನವಾಗಿ ಮರಳಿದವರ ಕಥೆಗಳಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರದು. 1944ರಲ್ಲಿ, ಇಪ್ಪತ್ಮೂರರ ಪ್ರಾಯದಲ್ಲಿ, ಬಸುರಿಯಾಗಿದ್ದ ಅವರಿಗೆ ಪೋಲಿಯೋ ಬಡಿಯಿತು. ಮಗು ಆರೋಗ್ಯವಾಗಿ ಹುಟ್ಟಿತು. ತಾಯಿ ಮಾತ್ರ ಕೈ ಎತ್ತುವುದರಿಂದ ಶುರುಮಾಡಿ, ಅಂಬೆಗಾಲಿಕ್ಕಿ, ಆಮೇಲೆ ಊರುಗೋಲು ಹಿಡಿದು ನಡೆಯುವುದನ್ನು ಕಲಿತರು. ಮೊಣಕಾಲಿನ ಕೆಳಗೆ ಶಕ್ತಿ ಮರಳಲೇ ಇಲ್ಲ. ಸವಾರರು ಕುದುರೆಗೆ ಸನ್ನೆ ಕೊಡುವುದು ಹೆಚ್ಚಾಗಿ ಮೀನಖಂಡದಿಂದ. ಅದು ಇಲ್ಲದೆ ಹಾರ್ಟೆಲ್ ತಮ್ಮ ಹೆಣ್ಣುಕುದುರೆ ಜುಬಿಲಿಗೆ ಬೆನ್ನಿನ, ಸೊಂಟದ, ಭಾರ ಬದಲಿಸುವಿಕೆಯ ಸನ್ನೆಗಳನ್ನು ಕಲಿಸಿದರು. ಮೂರು ವರ್ಷ ಕಳೆದು 1947ರಲ್ಲಿ ಸ್ಪರ್ಧೆಗೆ ಮರಳಿದರು. ಒಲಿಂಪಿಕ್ಸ್‌ನ ಕುದುರೆ ಸವಾರಿ ಆಗ ಸೇನಾಧಿಕಾರಿಗಳಿಗೆ ಮೀಸಲಾಗಿತ್ತು. ಆ ನಿಯಮ ಎಷ್ಟು ಕಟ್ಟುನಿಟ್ಟಾಗಿತ್ತೆಂದರೆ, 1948ರಲ್ಲಿ ಗೆದ್ದ ಸ್ವೀಡನ್ ತಂಡದ ಒಬ್ಬ ಸವಾರ ನಿಜಕ್ಕೂ ಅಧಿಕಾರಿಯಲ್ಲ ಎಂದು ತಿಳಿದಾಗ ತಂಡದ ಚಿನ್ನವನ್ನೇ ಹಿಂದಕ್ಕೆ ಪಡೆದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಡ್ರೆಸಾಜ್ ಸ್ಪರ್ಧೆ, ಅಂದರೆ ಕುದುರೆಯಿಂದ ನಿಗದಿತ ನಡೆ, ತಿರುವು, ನಿಲುವುಗಳನ್ನು ಮಾಡಿಸಿ ತೋರಿಸುವ ಸ್ಪರ್ಧೆ, ಹೆಂಗಸರಿಗೂ ತೆರೆಯಿತು. ಕುದುರೆ ಹತ್ತಲು, ಇಳಿಯಲು ಇನ್ನೊಬ್ಬರ ನೆರವು ಬೇಕಿದ್ದ ಹಾರ್ಟೆಲ್ ಅಲ್ಲಿ ಗಂಡಸರ ನಡುವೆ ಬೆಳ್ಳಿ ಗೆದ್ದರು. 1956ರಲ್ಲಿ ಇನ್ನೊಮ್ಮೆ ಬೆಳ್ಳಿ. ಈ ಕಥೆಯನ್ನು ಛಲದ ಕಥೆ ಎಂದು ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಕಾಣುವುದು ಕ್ರಮ. ಇಲ್ಲದ ಶಕ್ತಿ ಇದೆ ಎಂದು ಅವರು ನಟಿಸಲಿಲ್ಲ, ಇದ್ದ ಶಕ್ತಿಗೆ ತಕ್ಕಂತೆ ಸವಾರಿಯನ್ನೇ ಬದಲಿಸಿಕೊಂಡರು.

ನಮ್ಮವರದೇ ಉದಾಹರಣೆ ಬೇಕೆಂದರೆ ಬೆಂಗಳೂರಿನ ಫವಾದ್ ಮಿರ್ಜಾ ಇದ್ದಾರೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಅವರು ವೈಯಕ್ತಿಕ ಬೆಳ್ಳಿ ಗೆದ್ದರು. ತಂಡಕ್ಕೂ ಬೆಳ್ಳಿ ಬಂತು. 1982ರ ನಂತರ ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಆಮೇಲೆ ಆ ಕುದುರೆ ಗಾಯಗೊಂಡು ದೀರ್ಘಕಾಲ ಸ್ಪರ್ಧೆಯಿಂದ ದೂರ ಉಳಿಯಿತು. ಒಲಿಂಪಿಕ್ಸ್ ಅರ್ಹತೆಯ ಅಂಕಗಳನ್ನು ಮಿರ್ಜಾ ಬೇರೆ ಕುದುರೆಗಳ ಮೇಲೆ ಗಳಿಸಿದರು, ಗಾಯಗೊಂಡ ಕುದುರೆಯನ್ನು ಅವಸರಪಡಿಸಲಿಲ್ಲ. 2021ರಲ್ಲಿ ಟೋಕಿಯೋದಲ್ಲಿ ಅದೇ ಸೆನ್ಯೋರ್ ಮೆಡಿಕಾಟ್ ಅವರನ್ನು ಹೊತ್ತು ಫೈನಲ್ ಸುತ್ತಿಗೆ ಹೋಯಿತು, 23ನೇ ಸ್ಥಾನ ಸಿಕ್ಕಿತು.

ಇನ್ನು ನೌಕರಿಯ ವಿಷಯ. ದಿನಕ್ಕೆ ಎಂಟೊಂಬತ್ತು ಗಂಟೆ ಕುರ್ಚಿಯಲ್ಲಿ ಕೂತರೆ ತೊಡೆಯ ಸಂದಿನ ಮುಂಭಾಗದ ಸ್ನಾಯುಗಳು ಬಿಗಿಯುತ್ತವೆ, ಪೃಷ್ಠದ ಸ್ನಾಯುಗಳು ಸೋಲುತ್ತವೆ, ಭುಜ ಮುಂದಕ್ಕೆ ಬಾಗುತ್ತದೆ. ಜೀನಿನ ಮೇಲೆ ಬೇಕಾದದ್ದು ಇದಕ್ಕೆ ಪೂರಾ ಉಲ್ಟಾ: ಕಾಲು ಸೊಂಟದಿಂದ ಉದ್ದಕ್ಕೆ ಇಳಿಯಬೇಕು, ಹಿಮ್ಮಡಿ ಕೆಳಗಿರಬೇಕು, ಎದೆ ತೆರೆದಿರಬೇಕು. ಬಿಗಿದ ಸೊಂಟದವರ ಮೊಣಕಾಲು ತಾನಾಗಿ ಮೇಲೆ ಸರಿಯುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ಕುದುರೆ ತಟ್ಟನೆ ನಿಂತರೆ ಅದರ ಕತ್ತಿನ ಮೇಲಿಂದ ಮುಂದಕ್ಕೆ ಬೀಳುತ್ತಾರೆ. ವಾರಕ್ಕೆ ಎರಡು ದಿನದ ಸವಾರಿಯಿಂದ ಇದು ಸರಿಹೋಗುವುದಿಲ್ಲ. ಉಳಿದ ಐದು ದಿನದಲ್ಲಿ ಮಾಡಬೇಕು: ಒಂದು ಮೊಣಕಾಲೂರಿ ಸೊಂಟವನ್ನು ಮುಂದಕ್ಕೆ ಹಿಗ್ಗಿಸುವುದು, ಬಸ್ಕಿ, ಪ್ಲ್ಯಾಂಕ್, ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು, ವೇಗದ ನಡಿಗೆ. ಇಪ್ಪತ್ತು ನಿಮಿಷದ ಕೆಲಸ. ಜಿಮ್ಮೇ ಬೇಕೆಂದಿಲ್ಲ.

ಪೆಟ್ಟಾದವರು ಒಂದನ್ನು ಮರೆಯುತ್ತಾರೆ. ಮಾಯುತ್ತಿರುವ ಮೈಗೆ ಆಫೀಸಿನ ಭಾರವೂ ಭಾರವೇ. ಗುಂಡಿ ಬಿದ್ದ ರಸ್ತೆಯಲ್ಲಿ ಬೈಕಿನ ಮೇಲೆ ಹೋಗಿಬರುವ ಎರಡು ಗಂಟೆ, ನೋಯುವ ಬೆನ್ನಿಗೆ ಸವಾರಿಗಿಂತ ಕಡಿಮೆಯೇನಲ್ಲ. ರಜೆ ಮುಗಿದು ಕೆಲಸಕ್ಕೆ ಮರಳಿದ ವಾರದಲ್ಲೇ ಲಾಯಕ್ಕೂ ಮರಳಿದರೆ ಮೈಗೆ ಎರಡು ಭಾರ ಒಟ್ಟಿಗೆ ಬೀಳುತ್ತವೆ. ಮೊದಲು ನೌಕರಿ ಮೈಗೆ ಒಗ್ಗಲಿ, ನಾಲ್ಕಾರು ವಾರ ಕಳೆಯಲಿ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದ ಬೆಳಿಗ್ಗೆ ತಡೆ ಹಾರಿಸುವುದಂತೂ ಬೇಡವೇ ಬೇಡ. ಆರೋಗ್ಯವಾಗಿರುವವರಿಗೂ ಈ ಮಾತು.

ಕಾಯುವ ತಿಂಗಳುಗಳಲ್ಲಿ ಕುದುರೆಯಿಂದ ದೂರ ಇರಬೇಕಿಲ್ಲ. ಬೇಲಿಯ ಹೊರಗೆ ಕೂತು ಇತರರ ಪಾಠ ನೋಡಿ. ಸೈಸ್‌ನ ಹತ್ತಿರ ನಿಂತು ಗೊರಸು ಶುಚಿ ಮಾಡುವುದನ್ನು, ಬ್ಯಾಂಡೇಜು ಸುತ್ತುವುದನ್ನು ಗಮನಿಸಿ. ವರ್ಷಗಟ್ಟಲೆ ಸವಾರಿ ಮಾಡಿದ ಎಷ್ಟೋ ಜನರಿಗೆ ಲಾಳ ಸಡಿಲವಾಗಿರುವುದು ಗೊತ್ತಾಗುವುದಿಲ್ಲ. ಆದರೆ ಕೈ ತೂಗುಪಟ್ಟಿಯಲ್ಲಿರುವಾಗ ಕುದುರೆಯನ್ನು ಹಿಡಿದು ನಡೆಸಬೇಡಿ. ಪ್ಲಾಸ್ಟಿಕ್ ಚೀಲ ಹಾರಿದರೂ ಬೆಚ್ಚುವ, ಐನೂರು ಕಿಲೋ ತೂಗುವ ಪ್ರಾಣಿ ಅದು.

ಡಾಕ್ಟರನ್ನು ಕೇಳುವಾಗಲೂ "ಯಾವಾಗ ಕುದುರೆ ಹತ್ತಲಿ" ಎಂದಷ್ಟೇ ಕೇಳಬೇಡಿ. ನಮ್ಮೂರಿನ ಹೆಚ್ಚಿನ ಡಾಕ್ಟರುಗಳು ಕುದುರೆ ಹತ್ತಿದವರಲ್ಲ. ಏನೇನು ಮಾಡಬೇಕಾಗುತ್ತದೆ ಎಂದು ಬಿಡಿಸಿ ಹೇಳಿ. ಹತ್ತುವಾಗ ಎಡಗಾಲನ್ನು ಸೊಂಟದೆತ್ತರಕ್ಕೆ ಎತ್ತಿ ರಿಕಾಪಿಗಿಟ್ಟು, ಇಡೀ ಮೈಭಾರವನ್ನು ಆ ಒಂದು ಕಾಲಿನ ಮೇಲೆ ಹಾಕಿ ಏರಬೇಕು. ಇಳಿಯುವಾಗ ಎರಡೂ ಕಾಲನ್ನು ರಿಕಾಪಿನಿಂದ ಬಿಡಿಸಿಕೊಂಡು ಮೂರಡಿಯಷ್ಟು ಎತ್ತರದಿಂದ ನೆಲಕ್ಕೆ ಧುಮುಕಬೇಕು. ಇದನ್ನು ಕೇಳಿದ ಡಾಕ್ಟರು ಬೇರೆಯೇ ದಿನಾಂಕ ಹೇಳಬಹುದು. ಹತ್ತುವ ಈ ಕಷ್ಟಕ್ಕೆ ಸುಲಭದ ಉಪಾಯವೂ ಒಂದಿದೆ. ಯಾವ ಬಡಗಿಯಾದರೂ ಎರಡು ಮೂರು ಮೆಟ್ಟಿಲಿನ ಗಟ್ಟಿ ಮರದ ಪೀಠ ಮಾಡಿಕೊಡುತ್ತಾನೆ. ಅದರ ಮೇಲೆ ನಿಂತು ಹತ್ತಿದರೆ ನಿಮ್ಮ ಮೊಣಕಾಲಿಗೆ ಅರ್ಧ ಶ್ರಮ, ಜೀನು ಒಂದು ಕಡೆಗೆ ಎಳೆಯುವುದು ತಪ್ಪುವುದರಿಂದ ಕುದುರೆಯ ಬೆನ್ನಿಗೂ ಆರಾಮ. ಪೆಟ್ಟಾಗದವರೂ ದಿನವೂ ಅದನ್ನೇ ಬಳಸಬಹುದು.